ಸೆಡಾನ್ ನಿಂತಿತು, ಮಸ್ಟ್ಯಾಂಗ್ ಉಳಿಯಿತು: ಫೋರ್ಡ್ ಮಾದರಿಗಳ ಲೆಕ್ಕಾಚಾರ

2018ರ ಏಪ್ರಿಲ್ 25ರಂದು ಅಮೆರಿಕದ ಫೋರ್ಡ್ ಮೋಟಾರ್ ಕಂಪನಿಯು ತನ್ನ ತ್ರೈಮಾಸಿಕ ಫಲಿತಾಂಶಗಳೊಡನೆ ಒಂದು ನಿರ್ಧಾರವನ್ನೂ ಪ್ರಕಟಿಸಿತು. ಉತ್ತರ ಅಮೆರಿಕದ ಮಾರುಕಟ್ಟೆಗಾಗಿ ಮುಂದಿನ ಪೀಳಿಗೆಯ ಸೆಡಾನ್ ಕಾರುಗಳ ಮೇಲೆ ಇನ್ನು ಬಂಡವಾಳ ಹೂಡುವುದಿಲ್ಲ ಎಂಬುದೇ ಆ ನಿರ್ಧಾರ. ಫಿಯೆಸ್ಟಾ, ಫೋಕಸ್, ಫ್ಯೂಷನ್, ಟಾರಸ್ ಮುಂತಾಗಿ ಮನೆಮಂದಿಯೆಲ್ಲ ಓಡಾಡುವ ಕಾರುಗಳು ಒಂದೊಂದಾಗಿ ನಿಲ್ಲಲಿದ್ದವು. ಉಳಿಯಲಿದ್ದವು ಎರಡೇ: ಫೋಕಸ್ ಕಾರಿನ ಒಂದು ಹೊಸ ರೂಪ ಹಾಗೂ ಮಸ್ಟ್ಯಾಂಗ್. ಆ ಹೊಸ ಫೋಕಸ್ಸನ್ನು ಚೀನಾದಿಂದ ತರಿಸಿ ಮಾರುವ ಯೋಜನೆಯೂ ಆಮದು ಸುಂಕದ ಕಾರಣದಿಂದ ಅದೇ ವರ್ಷದ ಆಗಸ್ಟ್‌ನಲ್ಲಿ ರದ್ದಾಯಿತು.

ಮೇಲ್ನೋಟಕ್ಕೆ ಇದು ವಿಚಿತ್ರವಾಗಿ ಕಾಣುತ್ತದೆ. ಸೆಡಾನ್ ಎಂದರೆ ನಾಲ್ಕು ಬಾಗಿಲು, ಐದು ಮಂದಿಗೆ ಆಸನ ಮತ್ತು ಸಾಮಾನಿಗೆ ಪ್ರತ್ಯೇಕ ಡಿಕ್ಕಿ ಇರುವ ಸಂಸಾರವಂದಿಗರ ಕಾರು. ಮಸ್ಟ್ಯಾಂಗ್ ಎರಡು ಬಾಗಿಲಿನದು. ಅದರ ಹಿಂದಿನ ಆಸನದಲ್ಲಿ ದೊಡ್ಡವರು ಕುಳಿತರೆ ಮೊಣಕಾಲಿಗೆ ಜಾಗವಿರುವುದಿಲ್ಲ. ಉಪಯುಕ್ತವಾದದ್ದನ್ನು ಬಿಟ್ಟು ಶೋಕಿಯದನ್ನು ಉಳಿಸಿಕೊಂಡ ವ್ಯಾಪಾರಿಯನ್ನು ನಮ್ಮ ಪೇಟೆಯಲ್ಲಿ ಯಾರೂ ಜಾಣನೆನ್ನಲಾರರು. ಆದರೆ ಈ ಪ್ರಶ್ನೆಗೆ ಉತ್ತರ ಷೋರೂಮಿನಲ್ಲಿಲ್ಲ, ಲೆಕ್ಕದ ಪುಸ್ತಕದಲ್ಲಿದೆ. ಶತಮಾನಕ್ಕೂ ಹೆಚ್ಚು ಕಾಲದ ಫೋರ್ಡ್ ಚರಿತ್ರೆಯನ್ನು ಮಾದರಿಗಳ ಲೆಕ್ಕದ ದೃಷ್ಟಿಯಿಂದ ನೋಡಿದರೆ, ಹತ್ತು ಮಂದಿ ಕೆಲಸಗಾರರಿರುವ ನಮ್ಮ ಘಟಕಗಳಿಗೂ ಅನ್ವಯಿಸುವ ಕೆಲವು ಸಂಗತಿಗಳು ಕಣ್ಣಿಗೆ ಬೀಳುತ್ತವೆ.

ಒಂದೇ ಮಾದರಿಯ ಕಾಲ

1903ರಲ್ಲಿ ಸ್ಥಾಪನೆಯಾದ ಫೋರ್ಡ್ ಕಂಪನಿಯು 1908ರಲ್ಲಿ ಮಾಡೆಲ್ ಟಿ ಕಾರನ್ನು ಹೊರತಂದಿತು. ಆರಂಭದಲ್ಲಿ ಇದರ ಬೆಲೆ 850 ಡಾಲರ್. 1913ರಲ್ಲಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲು ಆರಂಭವಾದ ಮೇಲೆ ತಯಾರಿಕಾ ವೆಚ್ಚ ಇಳಿಯುತ್ತಾ ಹೋಯಿತು. 1920ರ ದಶಕದ ಮಧ್ಯದ ವೇಳೆಗೆ ಈ ಕಾರಿನ ಅತಿ ಅಗ್ಗದ ರೂಪ 260 ಡಾಲರಿಗೆ ದೊರೆಯುತ್ತಿತ್ತು. 1927ರ ಹೊತ್ತಿಗೆ ಒಟ್ಟು 1.5 ಕೋಟಿ ಕಾರುಗಳು ತಯಾರಾಗಿದ್ದವು. ಒಂದೇ ಸರಕು, ಒಂದೇ ಅಚ್ಚು, ಅಪಾರ ಸಂಖ್ಯೆ. ಸ್ಥಿರ ವೆಚ್ಚವು ಕೋಟ್ಯಂತರ ಕಾರುಗಳ ಮೇಲೆ ಹಂಚಿಹೋದಾಗ ಪ್ರತಿ ಕಾರಿನ ಪಾಲಿಗೆ ಬರುವುದು ಅತ್ಯಲ್ಪ. ಉತ್ಪಾದನಾ ಅರ್ಥಶಾಸ್ತ್ರದ ಮೊದಲ ಪಾಠಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಸಿಗಲಾರದು.

ಆದರೆ ಎರಡನೆಯ ಪಾಠವೂ ಇದರಲ್ಲೇ ಇದೆ. ಗ್ರಾಹಕರ ಅಭಿರುಚಿ ಬದಲಾಗಿ, ಜನರಲ್ ಮೋಟಾರ್ಸ್ ಸಂಸ್ಥೆಯು ಬಗೆಬಗೆಯ ಬೆಲೆಯ, ಬಗೆಬಗೆಯ ಬಣ್ಣದ ಕಾರುಗಳನ್ನು ಮುಂದಿಟ್ಟಾಗ ಮಾಡೆಲ್ ಟಿ ಹಿಂದೆ ಬಿದ್ದಿತು. 1927ರ ಮೇ ತಿಂಗಳಿನಲ್ಲಿ ಅದರ ತಯಾರಿಕೆಯನ್ನು ನಿಲ್ಲಿಸಿದ ಫೋರ್ಡ್, ಹೊಸ ಮಾಡೆಲ್ ಎ ಕಾರನ್ನು ಸಿದ್ಧಪಡಿಸಲು ಸುಮಾರು ಅರ್ಧ ವರ್ಷ ಕಾರು ಉತ್ಪಾದನೆಯನ್ನೇ ಸ್ಥಗಿತಗೊಳಿಸಬೇಕಾಯಿತು. ಒಂದೇ ಮಾದರಿಗೆ ಕಟ್ಟುಬಿದ್ದವನಿಗೆ ಆ ಮಾದರಿ ಹಳತಾದ ದಿನ ಕೈಯಲ್ಲಿ ಬೇರೇನೂ ಇರುವುದಿಲ್ಲ.

ಎಡ್ಸೆಲ್: ಬಗೆ ಹೆಚ್ಚಿತು, ಗಿರಾಕಿ ಬರಲಿಲ್ಲ

ಮೂವತ್ತು ವರ್ಷಗಳ ಬಳಿಕ ಇದೇ ಕಂಪನಿ ವಿರುದ್ಧ ದಿಕ್ಕಿನ ತಪ್ಪು ಮಾಡಿತು. ಹೆನ್ರಿ ಫೋರ್ಡ್ ಅವರ ಮಗನ ಹೆಸರಿನಲ್ಲಿ ಎಡ್ಸೆಲ್ ಎಂಬ ಹೊಸ ಕಾರುಗಳ ವಿಭಾಗವನ್ನೇ ತೆರೆದು, 1957ರ ಸೆಪ್ಟೆಂಬರ್‌ನಲ್ಲಿ ಭಾರಿ ಪ್ರಚಾರದೊಡನೆ ಮಾರುಕಟ್ಟೆಗೆ ಬಿಟ್ಟಿತು. ರೇಂಜರ್, ಪೇಸರ್, ಕೊರ್ಸೇರ್, ಸೈಟೇಶನ್ ಎಂಬ ನಾಲ್ಕು ಶ್ರೇಣಿಗಳು. ಅವುಗಳಲ್ಲಿ ಸೆಡಾನ್, ಎರಡು ಬಾಗಿಲಿನ ಕಾರು, ಮಡಚುವ ಛಾವಣಿಯ ಕಾರು ಎಂದು ಹಲವು ವಿಧಗಳು. ಇವೆಲ್ಲಕ್ಕೂ ಸೇರಿಕೆಯಾಗಿ ಸ್ಟೇಷನ್ ವ್ಯಾಗನ್‌ಗಳು. ಹೊಸ ವಿತರಕರ ಜಾಲವನ್ನೂ ಕಟ್ಟಲಾಯಿತು. ಅದೇ ಸಮಯಕ್ಕೆ ಅಮೆರಿಕದಲ್ಲಿ ಆರ್ಥಿಕ ಹಿಂಜರಿತ ತಲೆದೋರಿತು. ಫೋರ್ಡ್ ಮತ್ತು ಮರ್ಕ್ಯುರಿ ಕಾರುಗಳಿಗೂ ಎಡ್ಸೆಲ್‌ಗೂ ನಡುವೆ ಬೆಲೆಯ ಅಂತರ ಸ್ಪಷ್ಟವಾಗಿರಲಿಲ್ಲ. ತನ್ನದೇ ಅಂಗಡಿಯ ಸರಕಿಗೆ ತಾನೇ ಪೈಪೋಟಿಯೊಡ್ಡಿದಂತಾಯಿತು. ಮೂರು ಮಾದರಿ ವರ್ಷಗಳಲ್ಲಿ ತಯಾರಾದದ್ದು ಒಂದು ಲಕ್ಷಕ್ಕೆ ತುಸು ಹೆಚ್ಚು. 1959ರ ನವೆಂಬರ್‌ನಲ್ಲಿ ಎಡ್ಸೆಲ್ ಕಣ್ಮುಚ್ಚಿತು. ಇದರಿಂದ ಆದ ನಷ್ಟವನ್ನು ಸಾಮಾನ್ಯವಾಗಿ 25 ಕೋಟಿ ಡಾಲರ್ ಎಂದು ಅಂದಾಜಿಸಲಾಗುತ್ತದೆ.

ಬಗೆಗಳು ಹೆಚ್ಚಿದಷ್ಟೂ ಪ್ರತಿಯೊಂದಕ್ಕೂ ಬೇರೆ ಅಚ್ಚು, ಬೇರೆ ದಾಸ್ತಾನು, ಬೇರೆ ಬಿಡಿಭಾಗದ ಸಂಖ್ಯೆ ಬೇಕಾಗುತ್ತದೆ. ಮಾರಾಟ ಮಾತ್ರ ಬಗೆಗಳ ಲೆಕ್ಕಕ್ಕೆ ತಕ್ಕಂತೆ ಏರುವುದಿಲ್ಲ.

ಫಾಲ್ಕನ್ನಿನ ಮೇಲೆ ಕಟ್ಟಿದ ಮಸ್ಟ್ಯಾಂಗ್

ಕ್ರೀಡಾ ಕಾರುಗಳ ವಿಷಯದಲ್ಲಿ ಫೋರ್ಡ್ ಪಡೆದ ಮೊದಲ ಅನುಭವ ಥಂಡರ್‌ಬರ್ಡ್ ಕಾರಿನದು. 1955ರ ಮಾದರಿಯಾಗಿ ಬಂದ ಇದು ಇಬ್ಬರು ಮಾತ್ರ ಕೂರಬಹುದಾದ ಅಂದದ ಕಾರು. ಎಲ್ಲರೂ ಹೊಗಳಿದರು, ಆದರೆ ಮೂರು ವರ್ಷಗಳಲ್ಲಿ ಸೇರಿ ತಯಾರಾದದ್ದು ಸುಮಾರು 53,000 ಮಾತ್ರ. 1958ರಲ್ಲಿ ಹಿಂದೆ ಆಸನ ಸೇರಿಸಿ ನಾಲ್ವರು ಕೂರುವಂತೆ ಮಾಡಿದಾಗ, ಅಂದ ಕೆಟ್ಟಿತೆಂದು ರಸಿಕರು ಗೊಣಗಿದರೂ, ಒಂದೇ ವರ್ಷದಲ್ಲಿ ಸುಮಾರು 38,000 ಕಾರುಗಳು ತಯಾರಾದವು. ಹೊಗಳುವವರೆಲ್ಲ ಕೊಳ್ಳುವವರಲ್ಲ ಎಂಬುದು ಇಲ್ಲಿ ಅಂಕಿಗಳಲ್ಲಿಯೇ ದಾಖಲಾಗಿದೆ.

1959ರ ಕೊನೆಯಲ್ಲಿ, ರಾಬರ್ಟ್ ಮೆಕ್‌ನಮಾರಾ ಅವರ ಹೊಣೆಗಾರಿಕೆಯಲ್ಲಿ, ಫಾಲ್ಕನ್ ಎಂಬ ಸರಳವೂ ಮಿತವ್ಯಯದ್ದೂ ಆದ ಸಣ್ಣ ಕಾರು ಬಂದಿತು. ಮೊದಲ ಮಾದರಿ ವರ್ಷದಲ್ಲೇ 4 ಲಕ್ಷಕ್ಕೂ ಹೆಚ್ಚು ತಯಾರಾದ ಈ ಕಾರಿನಲ್ಲಿ ಮೆರುಗೇನೂ ಇರಲಿಲ್ಲ. ಆದರೆ ಕೆಲವೇ ವರ್ಷಗಳಲ್ಲಿ ಅದು ಮತ್ತೊಂದು ಕಾರಿಗೆ ಬುನಾದಿಯಾಯಿತು. ಲೀ ಅಯಕೋಕಾ ಮತ್ತವರ ಸಹೋದ್ಯೋಗಿಗಳು ಯುವಜನರಿಗೆಂದು ಕ್ರೀಡಾ ಸ್ವರೂಪದ ಕಾರೊಂದನ್ನು ಯೋಜಿಸಿದಾಗ, ಎಡ್ಸೆಲ್‌ನ ಬಿಸಿ ಇನ್ನೂ ಆರಿರಲಿಲ್ಲ; ದೊಡ್ಡ ಬಂಡವಾಳ ಕೇಳುವ ಸ್ಥಿತಿ ಇರಲಿಲ್ಲ. ಆದ್ದರಿಂದ ಹೊಸ ಕಾರಿನ ಇಂಜಿನ್, ಗೇರ್ ವ್ಯವಸ್ಥೆ, ಸಸ್ಪೆನ್ಷನ್ ಮೊದಲಾದ ಒಳಭಾಗಗಳನ್ನು ಬಹುಮಟ್ಟಿಗೆ ಫಾಲ್ಕನ್ ಮತ್ತದರ ಸಮೀಪದ ಮಾದರಿಗಳಿಂದಲೇ ತೆಗೆದುಕೊಳ್ಳಲಾಯಿತು. ಹೊಸದಾಗಿ ಹಣ ಸುರಿದದ್ದು ಮುಖ್ಯವಾಗಿ ಗ್ರಾಹಕನ ಕಣ್ಣಿಗೆ ಬೀಳುವ ಹೊರಮೈಗೆ.

1964ರ ಏಪ್ರಿಲ್ 17ರಂದು ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಬಿಡುಗಡೆಯಾದ ಮಸ್ಟ್ಯಾಂಗ್‌ನ ಆರಂಭಿಕ ಬೆಲೆ 2,368 ಡಾಲರ್. ಮೊದಲ ದಿನವೇ 22,000 ಬೇಡಿಕೆಗಳು ಬಂದವು. ಹನ್ನೆರಡು ತಿಂಗಳಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಕಾರುಗಳು ಮಾರಾಟವಾದವು. ಎರಡು ವರ್ಷ ತುಂಬುವ ಮೊದಲೇ ಹತ್ತು ಲಕ್ಷದ ಕಾರು ತಯಾರಾಯಿತು. ಮೂಲ ಬೆಲೆಯನ್ನು ಕೈಗೆಟುಕುವಂತಿಟ್ಟು, ಹೆಚ್ಚು ಶಕ್ತಿಯ ಇಂಜಿನ್, ಸ್ವಯಂಚಾಲಿತ ಗೇರ್, ರೇಡಿಯೋ, ಹವಾನಿಯಂತ್ರಣ ಮುಂತಾದವನ್ನು ಐಚ್ಛಿಕವಾಗಿ ಇರಿಸಲಾಗಿತ್ತು. ಗಿರಾಕಿಯು ತನಗೆ ಬೇಕಾದದ್ದನ್ನು ಒಂದೊಂದಾಗಿ ಸೇರಿಸುತ್ತಾ ಹೋದಂತೆ ಕಂಪನಿಯ ಲಾಭವೂ ಸೇರುತ್ತಾ ಹೋಯಿತು. ಒಳಗೆ ಸಮಾನ ಭಾಗಗಳು, ಹೊರಗೆ ವೈವಿಧ್ಯ ಎಂಬ ಈ ಸೂತ್ರವು ಮಾಡೆಲ್ ಟಿ ಮತ್ತು ಎಡ್ಸೆಲ್ ಎಂಬ ಎರಡು ಅತಿರೇಕಗಳ ನಡುವಿನ ದಾರಿ.

ಟಾರಸ್: ಹೆಸರಿನ ಬೆಲೆ

ಸೆಡಾನ್ ಕಾರುಗಳಲ್ಲಿ ಫೋರ್ಡ್‌ನ ಉತ್ತುಂಗ ಟಾರಸ್. ಸುಮಾರು 300 ಕೋಟಿ ಡಾಲರ್ ವೆಚ್ಚದಲ್ಲಿ ಅಭಿವೃದ್ಧಿಪಡಿಸಿ 1985ರ ಕೊನೆಯಲ್ಲಿ ಬಿಡುಗಡೆ ಮಾಡಿದ ಈ ಕಾರು, 1992ರಿಂದ 1996ರವರೆಗೆ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಕಾರೆನಿಸಿತು. 1996ರ ಮಾದರಿಗೆ ನೀಡಿದ ಅಂಡಾಕಾರದ ವಿನ್ಯಾಸ ಜನರಿಗೆ ಹಿಡಿಸಲಿಲ್ಲ. 1997ರಲ್ಲಿ ಟೊಯೋಟಾ ಕ್ಯಾಮ್ರಿ ಮೊದಲ ಸ್ಥಾನಕ್ಕೇರಿತು. ಮುಂದೆ ಟಾರಸ್‌ನ ದೊಡ್ಡ ಪಾಲು ಬಾಡಿಗೆ ಕಾರು ಕಂಪನಿಗಳಿಗೆ ರಿಯಾಯಿತಿ ದರದಲ್ಲಿ ಹೋಗತೊಡಗಿತು. ಸಂಖ್ಯೆ ಉಳಿಯಿತು, ಲಾಭ ಉಳಿಯಲಿಲ್ಲ. 2006ರಲ್ಲಿ ಅದರ ತಯಾರಿಕೆ ನಿಂತಿತು.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬೋಯಿಂಗ್ ಸಂಸ್ಥೆಯಿಂದ ಬಂದು ಫೋರ್ಡ್‌ನ ಮುಖ್ಯಸ್ಥರಾದ ಆಲನ್ ಮುಲಾಲಿ, ದೇಶದ ಮನೆಮನೆಗೂ ಗೊತ್ತಿದ್ದ ಹೆಸರನ್ನು ಕೈಬಿಟ್ಟದ್ದೇಕೆಂದು ಪ್ರಶ್ನಿಸಿದರು. 2007ರಲ್ಲಿ, ಫೈವ್ ಹಂಡ್ರೆಡ್ ಎಂಬ ಹೆಸರಿನಲ್ಲಿ ಮಂದಗತಿಯಿಂದ ಮಾರಾಟವಾಗುತ್ತಿದ್ದ ಸೆಡಾನ್‌ಗೆ ಟಾರಸ್ ಎಂಬ ಹೆಸರನ್ನು ಮರಳಿ ಇಡಲಾಯಿತು. ಹೆಸರಿನ ಮೌಲ್ಯ ಆಸ್ತಿ-ಹೊಣೆ ಪಟ್ಟಿಯಲ್ಲಿ ಬಹುತೇಕ ಕಾಣಿಸುವುದೇ ಇಲ್ಲ. ಆದರೆ ಅದನ್ನು ಕಟ್ಟಲು ತಗಲುವ ವೆಚ್ಚ ನಿಜವಾದದ್ದು.

ಹಸಿರು ಪಟ್ಟಿಯೂ ಕೆಂಪು ಲೆಕ್ಕವೂ

ಮುಲಾಲಿ ಬಂದ 2006ರ ವರ್ಷದಲ್ಲಿ ಫೋರ್ಡ್‌ನ ನಷ್ಟ 1,260 ಕೋಟಿ ಡಾಲರ್. ಆದರೆ ಪ್ರತಿ ಗುರುವಾರದ ಪರಾಮರ್ಶೆ ಸಭೆಗೆ ವಿಭಾಗಗಳ ಮುಖ್ಯಸ್ಥರು ತರುತ್ತಿದ್ದ ಪಟ್ಟಿಗಳಲ್ಲಿ ಎಲ್ಲವೂ ಹಸಿರು ಬಣ್ಣ, ಅಂದರೆ ಎಲ್ಲವೂ ಸರಿಯಾಗಿದೆ ಎಂದರ್ಥ. ಸಾವಿರಾರು ಕೋಟಿ ನಷ್ಟವಾಗುತ್ತಿರುವ ಕಂಪನಿಯಲ್ಲಿ ಕೆಂಪಿನ ಒಂದು ಗುರುತೂ ಇಲ್ಲವೇ ಎಂದು ಅವರು ಕೇಳಬೇಕಾಯಿತು. ಕೊನೆಗೆ ಮಾರ್ಕ್ ಫೀಲ್ಡ್ಸ್ ಅವರು ಎಡ್ಜ್ ಎಂಬ ಹೊಸ ಮಾದರಿಯ ಬಿಡುಗಡೆಯಲ್ಲಿ ತೊಡಕಿದೆಯೆಂದು ಕೆಂಪು ಗುರುತು ತೋರಿಸಿದಾಗ, ಮುಲಾಲಿ ಗದರದೆ ಚಪ್ಪಾಳೆ ತಟ್ಟಿದರೆಂಬುದು ಆಡಳಿತ ಶಾಸ್ತ್ರದ ತರಗತಿಗಳಲ್ಲಿ ಇಂದಿಗೂ ಹೇಳುವ ಪ್ರಸಂಗ. ಮಾಲೀಕರಿಗೆ ಬೇಸರವಾದೀತೆಂದು ಗುಮಾಸ್ತರು ಬಾರದ ಬಾಕಿಯನ್ನು ಬಂದೇ ಬರುವ ಬಾಕಿಯೆಂದು ತೋರಿಸುವ ಅಭ್ಯಾಸ ನಮ್ಮಲ್ಲಿಯೂ ಇಲ್ಲದಿಲ್ಲ.

2006ರ ಅಂತ್ಯದಲ್ಲಿ ಫೋರ್ಡ್ ತನ್ನ ಕಾರ್ಖಾನೆಗಳನ್ನು, ಪೇಟೆಂಟ್‌ಗಳನ್ನು, ಕಡೆಗೆ ತನ್ನ ನೀಲಿ ಅಂಡಾಕಾರದ ಲಾಂಛನವನ್ನೂ ಆಧಾರವಾಗಿಟ್ಟು, ಒಟ್ಟು ಸುಮಾರು 2,360 ಕೋಟಿ ಡಾಲರ್ ಸಾಲದ ವ್ಯವಸ್ಥೆ ಮಾಡಿಕೊಂಡಿತು. ಜೊತೆಗೆ ಬ್ರಾಂಡ್‌ಗಳನ್ನು ಕಳಚುತ್ತಾ ಬಂದಿತು. 2007ರಲ್ಲಿ ಆಸ್ಟನ್ ಮಾರ್ಟಿನ್ ಹೋಯಿತು. 2008ರಲ್ಲಿ ಜಾಗ್ವಾರ್ ಮತ್ತು ಲ್ಯಾಂಡ್ ರೋವರ್‌ಗಳನ್ನು ನಮ್ಮ ಟಾಟಾ ಮೋಟಾರ್ಸ್ 230 ಕೋಟಿ ಡಾಲರಿಗೆ ಕೊಂಡಿತು. 2010ರಲ್ಲಿ ವೋಲ್ವೋ ಕಾರು ವಿಭಾಗ ಚೀನಾದ ಗೀಲಿಗೆ ಹೋಯಿತು. ಮರ್ಕ್ಯುರಿಯನ್ನು ಮುಚ್ಚುವ ನಿರ್ಧಾರವೂ ಅದೇ ವರ್ಷದ್ದು. 2009ರಲ್ಲಿ ಕ್ರೈಸ್ಲರ್ ಮತ್ತು ಜನರಲ್ ಮೋಟಾರ್ಸ್ ದಿವಾಳಿ ರಕ್ಷಣೆ ಕೋರಿದಾಗ ಫೋರ್ಡ್ ಆ ಬಾಗಿಲಿಗೆ ಹೋಗಲಿಲ್ಲ. ಒತ್ತೆಯಿಟ್ಟಿದ್ದ ಲಾಂಛನವು 2012ರ ಮೇ ತಿಂಗಳಿನಲ್ಲಿ ಬಿಡುಗಡೆಯಾಯಿತು.

ಈ ಘಟ್ಟದಲ್ಲಿ ಸಣ್ಣ ಉದ್ದಿಮೆದಾರರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. 2008ರ ಕೊನೆಯಲ್ಲಿ ಅಮೆರಿಕದ ಸಂಸತ್ತಿನ ಮುಂದೆ ಹಾಜರಾದ ಮುಲಾಲಿ, ತಮ್ಮ ಕಂಪನಿಗೆ ತಕ್ಷಣ ಹಣ ಬೇಕಿಲ್ಲದಿದ್ದರೂ, ಪ್ರತಿಸ್ಪರ್ಧಿಗಳಿಗೆ ನೆರವು ನೀಡುವುದನ್ನು ಬೆಂಬಲಿಸಿದರು. ಕಾರಣ ಸರಳ. ಮೂರೂ ಕಂಪನಿಗಳಿಗೆ ಬಿಡಿಭಾಗ ಪೂರೈಸುತ್ತಿದ್ದವರು ಬಹುಪಾಲು ಒಂದೇ ಮಂದಿ. ಒಂದು ದೊಡ್ಡ ಕಂಪನಿ ಕುಸಿದರೆ ಆ ಸರಬರಾಜುದಾರರು ಕುಸಿಯುತ್ತಾರೆ. ಅವರು ಕುಸಿದರೆ ಫೋರ್ಡ್‌ನ ಜೋಡಣಾ ಸಾಲೂ ನಿಲ್ಲುತ್ತದೆ. ದೊಡ್ಡವನ ಅಸ್ತಿತ್ವ ಸಣ್ಣವನ ಹೆಗಲ ಮೇಲಿದೆ ಎಂದು ಇಷ್ಟು ಬಹಿರಂಗವಾಗಿ ಒಪ್ಪಿಕೊಂಡ ಸಂದರ್ಭ ವಿರಳ.

2018ರ ನಿರ್ಧಾರದ ಹಿಂದೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಅಮೆರಿಕದ ಗ್ರಾಹಕರು ಸೆಡಾನ್ ಬಿಟ್ಟು ಎತ್ತರದ ಎಸ್‌ಯುವಿ ಹಾಗೂ ಪಿಕಪ್ ವಾಹನಗಳತ್ತ ಸರಿದಿದ್ದರು. 1977ರಿಂದಲೂ ಅಲ್ಲಿ ಅತಿ ಹೆಚ್ಚು ಮಾರಾಟವಾಗುತ್ತಿರುವ ಪಿಕಪ್ ಫೋರ್ಡ್‌ನ ಎಫ್ ಸರಣಿಯದೇ. ಕ್ಯಾಮ್ರಿ, ಅಕಾರ್ಡ್‌ಗಳ ಪೈಪೋಟಿಯಲ್ಲಿ ಸೆಡಾನ್‌ಗೆ ರಿಯಾಯಿತಿ ಕೊಡದೆ ಗತಿಯಿರಲಿಲ್ಲ. ಪಿಕಪ್‌ಗೆ ಗ್ರಾಹಕನು ಹೆಚ್ಚು ಬೆಲೆ ಕೊಡಲು ಸಿದ್ಧನಿದ್ದನು. ಒಂದು ಹೊಸ ಪೀಳಿಗೆಯ ಸೆಡಾನ್ ವಿನ್ಯಾಸಕ್ಕೂ ಅಚ್ಚುಗಳಿಗೂ ಬೇಕಾದ ಭಾರಿ ಬಂಡವಾಳವನ್ನು ಅಷ್ಟು ತೆಳುವಾದ ಲಾಭದಿಂದ ಹಿಂಪಡೆಯುವುದು ಕಷ್ಟ. 2020ರ ಹೊತ್ತಿಗೆ ಉತ್ತರ ಅಮೆರಿಕದಲ್ಲಿ ತನ್ನ ವಾಹನಗಳಲ್ಲಿ ಸುಮಾರು ಶೇಕಡ 90ರಷ್ಟು ಪಿಕಪ್, ಎಸ್‌ಯುವಿ ಮತ್ತು ವಾಣಿಜ್ಯ ವಾಹನಗಳೇ ಆಗಿರುತ್ತವೆ ಎಂದು ಕಂಪನಿ ಹೇಳಿತು. ಟಾರಸ್ 2019ರ ಮಾರ್ಚ್‌ನಲ್ಲಿಯೂ ಫ್ಯೂಷನ್ 2020ರ ಜುಲೈಯಲ್ಲಿಯೂ ನಿಂತವು.

ಮಸ್ಟ್ಯಾಂಗ್ ಉಳಿದುದೇಕೆ? ಅದಕ್ಕೆ ಬದಲಿ ಸರಕು ಬೇರೆಯವರಲ್ಲಿ ಸುಲಭವಾಗಿ ಸಿಗುವಂತಿರಲಿಲ್ಲ. ಸೆಡಾನ್ ಕೊಳ್ಳುವವನು ನಾಲ್ಕು ಷೋರೂಮ್ ಸುತ್ತಿ ಬೆಲೆ ಹೋಲಿಸುತ್ತಾನೆ; ಮಸ್ಟ್ಯಾಂಗ್ ಬಯಸಿದವನು ಮಸ್ಟ್ಯಾಂಗನ್ನೇ ಕೊಳ್ಳುತ್ತಾನೆ. 2018ರ ಆಗಸ್ಟ್‌ನಲ್ಲಿ ಒಂದು ಕೋಟಿಯ ಮಸ್ಟ್ಯಾಂಗ್ ಹೊರಬಂದಿತು. 2022ರ ಸೆಪ್ಟೆಂಬರ್‌ನಲ್ಲಿ ಏಳನೆಯ ಪೀಳಿಗೆಯ ಕಾರನ್ನು ಡೆಟ್ರಾಯಿಟ್‌ನಲ್ಲಿ ಪ್ರದರ್ಶಿಸಲಾಯಿತು. ಅದರ ಹಳೆಯ ಎದುರಾಳಿ ಷೆವರ್ಲೆ ಕಮಾರೊ 2024ರ ಮಾದರಿ ವರ್ಷದೊಂದಿಗೆ ಕಣದಿಂದ ನಿರ್ಗಮಿಸಿತು. 2019ರ ನವೆಂಬರ್‌ನಲ್ಲಿ ಅನಾವರಣಗೊಳಿಸಿದ ವಿದ್ಯುತ್ ಚಾಲಿತ ಎಸ್‌ಯುವಿಗೂ ಫೋರ್ಡ್ ಇಟ್ಟ ಹೆಸರು ಮಸ್ಟ್ಯಾಂಗ್ ಮಾಕ್-ಇ.

ಹಾಗೆಂದು ಈ ನಿರ್ಧಾರದಲ್ಲಿ ಅಪಾಯವಿಲ್ಲವೆಂದಲ್ಲ. 2008ರ ಬೇಸಿಗೆಯಲ್ಲಿ ಅಮೆರಿಕದಲ್ಲಿ ಪೆಟ್ರೋಲ್ ಬೆಲೆ ಗ್ಯಾಲನ್ನಿಗೆ 4 ಡಾಲರ್ ದಾಟಿದಾಗ ದೊಡ್ಡ ವಾಹನಗಳ ಮಾರಾಟ ಕುಸಿದುಬಿದ್ದಿತ್ತು. ಫೋರ್ಡ್ ಬಿಟ್ಟುಕೊಟ್ಟ ಸೆಡಾನ್ ಮಾರುಕಟ್ಟೆಯಲ್ಲಿ ಟೊಯೋಟಾ, ಹೋಂಡಾಗಳು ಮುಂದುವರಿದವು. ಮೊದಲ ಕಾರು ಕೊಳ್ಳುವ ಯುವಕನನ್ನು ಬೇರೆಯವರಿಗೆ ಒಪ್ಪಿಸಿಕೊಟ್ಟರೆ, ಅವನು ಎರಡನೆಯ ಕಾರಿಗೆ ಮರಳಿ ಬರುವನೆಂಬ ಖಾತರಿ ಇಲ್ಲ. ಈ ನಷ್ಟ ಯಾವ ವರ್ಷದ ಲಾಭ-ನಷ್ಟ ಖಾತೆಯಲ್ಲಿಯೂ ಪ್ರತ್ಯೇಕವಾಗಿ ಕಾಣಿಸುವುದಿಲ್ಲ.

ನಮ್ಮ ದೇಶದ ಅನುಭವ

ಭಾರತಕ್ಕೆ ಫೋರ್ಡ್ 1990ರ ದಶಕದಲ್ಲಿ ಮಹೀಂದ್ರ ಸಂಸ್ಥೆಯ ಸಹಭಾಗಿತ್ವದಲ್ಲಿ ಬಂದು, ಎಸ್ಕಾರ್ಟ್ ಕಾರನ್ನು ಮಾರಾಟಕ್ಕೆ ತಂದಿತು. 1999ರಲ್ಲಿ, ಫಿಯೆಸ್ಟಾದ ಬುನಾದಿಯ ಮೇಲೆ, ಡಿಕ್ಕಿಯಿರುವ ಕಾರನ್ನು ಇಷ್ಟಪಡುವ ನಮ್ಮವರಿಗೆಂದೇ ರೂಪಿಸಿದ ಐಕಾನ್ ಚೆನ್ನೈ ಸಮೀಪದ ಮರೈಮಲೈ ನಗರದಿಂದ ಹೊರಬಂದಿತು. 2010ರ ಫಿಗೋ, 2013ರ ಇಕೋಸ್ಪೋರ್ಟ್ ಹೆಸರು ಗಳಿಸಿದವು. 2015ರಲ್ಲಿ ಗುಜರಾತಿನ ಸಾನಂದದಲ್ಲಿ ಎರಡನೆಯ ಕಾರ್ಖಾನೆ ಆರಂಭವಾಯಿತು. ಆದರೂ 2021ರ ಸೆಪ್ಟೆಂಬರ್ 9ರಂದು, ಹತ್ತು ವರ್ಷಗಳಲ್ಲಿ 200 ಕೋಟಿ ಡಾಲರಿಗೂ ಹೆಚ್ಚು ನಷ್ಟವಾಗಿದೆಯೆಂದು ತಿಳಿಸಿ, ಭಾರತದಲ್ಲಿ ಕಾರು ತಯಾರಿಕೆಯನ್ನು ನಿಲ್ಲಿಸುವುದಾಗಿ ಫೋರ್ಡ್ ಘೋಷಿಸಿತು. ಮಸ್ಟ್ಯಾಂಗ್‌ನಂಥ ಕಾರುಗಳನ್ನು ಆಮದು ಮಾಡಿ ಮಾರುವುದಾಗಿ ಅದೇ ಪ್ರಕಟಣೆಯಲ್ಲಿ ಹೇಳಿತ್ತು. ಅಮೆರಿಕದಲ್ಲಿ ಮೂರು ವರ್ಷ ಮೊದಲು ಕಂಡ ಲೆಕ್ಕವೇ ಇಲ್ಲಿಯೂ ಪುನರಾವರ್ತನೆಯಾಯಿತು. ಸಾನಂದದ ಕಾರು ಕಾರ್ಖಾನೆಯನ್ನು 2023ರ ಜನವರಿಯಲ್ಲಿ ಟಾಟಾ ಸಮೂಹವು ವಹಿಸಿಕೊಂಡಿತು. ಕಾರ್ಖಾನೆಗೆ ಹೊಸ ಒಡೆಯ ಸಿಕ್ಕಿದನು. ಆದರೆ ನಿಂತುಹೋದ ಮಾದರಿಗೆಂದೇ ಮಾಡಿಸಿದ ಡೈಗೆ ಹೊಸ ಒಡೆಯ ಸಿಗುವುದಿಲ್ಲ.

ಸಣ್ಣ ಘಟಕದ ಲೆಕ್ಕ

ಪೀಣ್ಯದಲ್ಲಿ, ಬೆಳಗಾವಿಯ ಉದ್ಯಮಬಾಗದಲ್ಲಿ, ಶಿವಮೊಗ್ಗದ ಫೌಂಡ್ರಿಗಳಲ್ಲಿ ವಾಹನದ ಬಿಡಿಭಾಗ ಮಾಡುವ ಸದಸ್ಯರಿಗಾಗಿ ಒಂದು ಕಾಲ್ಪನಿಕ ಉದಾಹರಣೆ ಕೊಡುತ್ತೇನೆ. ಒಂದು ಬಿಡಿಭಾಗದ ಮಾರಾಟ ಬೆಲೆ 100 ರೂಪಾಯಿ, ಕಚ್ಚಾ ಸಾಮಗ್ರಿ, ಕೂಲಿ, ವಿದ್ಯುತ್ ಸೇರಿ ವೆಚ್ಚ 68 ರೂಪಾಯಿ, ಉಳಿಯುವುದು 32. ಇದಕ್ಕಾಗಿ ಮಾಡಿಸಿದ ಡೈ ಮತ್ತು ಫಿಕ್ಸ್ಚರ್‌ಗಳ ಖರ್ಚು 6 ಲಕ್ಷ. 40,000 ನಗ ಹೋಗುತ್ತದೆಂಬ ಭರವಸೆಯ ಮೇಲೆ ನಗವೊಂದಕ್ಕೆ 15 ರೂಪಾಯಿ ಡೈ ಖರ್ಚೆಂದು ಹಿಡಿದರೆ, ನಗಕ್ಕೆ 17 ರೂಪಾಯಿಯಂತೆ ಒಟ್ಟು 6.8 ಲಕ್ಷ ಲಾಭ. ಆದರೆ ಕಾರಿನ ಆ ಮಾದರಿಯೇ ನಿಂತು 10,000 ನಗಕ್ಕೆ ಬೇಡಿಕೆ ಮುಗಿದರೆ, ಕೈಗೆ ಬರುವುದು 3.2 ಲಕ್ಷ, ಡೈ ಖರ್ಚು 6 ಲಕ್ಷ ಹಾಗೆಯೇ ಇರುತ್ತದೆ. ಲಾಭವೆಂದುಕೊಂಡದ್ದು 2.8 ಲಕ್ಷ ನಷ್ಟವಾಗುತ್ತದೆ. ಕೆಲಸದಲ್ಲಿ ದೋಷವಿಲ್ಲ, ಗುಣಮಟ್ಟದಲ್ಲಿ ಕೊರತೆಯಿಲ್ಲ, ಆದರೂ ನಷ್ಟ.

ಇದನ್ನು ತಡೆಯಲು ನಾಲ್ಕು ಎಚ್ಚರಿಕೆಗಳು ಸಾಕು.

ಮೊದಲನೆಯದು, ಒಪ್ಪಂದ. ಡೈ ಖರ್ಚು ಎಷ್ಟು ನಗಗಳ ಮೇಲೆ ಹಂಚಿಕೆಯಾಗಿದೆ, ಮಾದರಿ ಮುಂಚೆಯೇ ನಿಂತರೆ ವಸೂಲಾಗದೆ ಉಳಿದ ಮೊತ್ತವನ್ನು ಯಾರು ಭರಿಸಬೇಕು ಎಂಬುದು ಖರೀದಿ ಆದೇಶದಲ್ಲಿಯೇ ಬರಹದಲ್ಲಿರಲಿ. ಬಾಯಿಮಾತಿನ ಭರವಸೆ ನೀಡಿದ ಅಧಿಕಾರಿ ವರ್ಗವಾಗಿ ಹೋಗಬಹುದು, ಕಾಗದ ವರ್ಗವಾಗುವುದಿಲ್ಲ.

ಎರಡನೆಯದು, ಆಯ್ಕೆ. ಫಾಲ್ಕನ್ನಿನ ಒಳಭಾಗಗಳು ಮಸ್ಟ್ಯಾಂಗ್‌ಗೂ ಹೋದವು. ಎಡ್ಸೆಲ್‌ನ ಮುಂಭಾಗದ ಜಾಲರಿ ಎಡ್ಸೆಲ್‌ನೊಡನೆಯೇ ಮುಗಿಯಿತು. ಹಲವು ಮಾದರಿಗಳಿಗೆ ಸಲ್ಲುವ ಭಾಗಗಳನ್ನು ಮಾಡುವವನು ಒಂದು ಮಾದರಿ ನಿಂತರೂ ಉಳಿಯುತ್ತಾನೆ. ಒಂದೇ ಗಿರಾಕಿಯ ಒಂದೇ ಮಾದರಿಯಿಂದ ವಹಿವಾಟಿನ ಅರ್ಧಕ್ಕಿಂತ ಹೆಚ್ಚು ಬರುತ್ತಿದ್ದರೆ ಅದು ಸಂತೋಷದ ವಿಷಯವಲ್ಲ, ಎಚ್ಚರದ ವಿಷಯ.

ಮೂರನೆಯದು, ದಾಸ್ತಾನು. ಲೆಕ್ಕಪತ್ರ ಮಾನದಂಡ 2ರ ಪ್ರಕಾರ ದಾಸ್ತಾನನ್ನು ವೆಚ್ಚ ಅಥವಾ ನಿವ್ವಳ ವಸೂಲಿ ಮೌಲ್ಯ ಇವೆರಡರಲ್ಲಿ ಯಾವುದು ಕಡಿಮೆಯೋ ಅದರಲ್ಲಿ ತೋರಿಸಬೇಕು. ನಿಂತುಹೋದ ಮಾದರಿಯ ಬಿಡಿಭಾಗಗಳನ್ನು ವರ್ಷವರ್ಷವೂ ಮೂಲ ವೆಚ್ಚದಲ್ಲಿಯೇ ತೋರಿಸುತ್ತಾ ಹೋಗುವುದು, ಫೋರ್ಡ್‌ನ ಗುರುವಾರದ ಸಭೆಯ ಹಸಿರು ಪಟ್ಟಿಗೆ ಸಮಾನ. ಬ್ಯಾಂಕು ಕೆಲಕಾಲ ನಂಬಬಹುದು. ಮಾಲೀಕನು ತನ್ನನ್ನು ತಾನೇ ನಂಬಿಸಿಕೊಳ್ಳಬಾರದು.

ನಾಲ್ಕನೆಯದು, ಸರಕುವಾರು ಲೆಕ್ಕ. ಒಟ್ಟು ವಹಿವಾಟು ಎಷ್ಟೆಂದು ಕೇಳಿದರೆ ಬಹುತೇಕ ಉದ್ದಿಮೆದಾರರು ಥಟ್ಟನೆ ಹೇಳುತ್ತಾರೆ. ಯಾವ ಸರಕಿನಿಂದ ಎಷ್ಟು ಉಳಿಯುತ್ತದೆಂದು ಕೇಳಿದರೆ ಹಲವರು ಲೆಕ್ಕ ಬರೆಯುವವರ ಮುಖ ನೋಡುತ್ತಾರೆ. ಪ್ರತಿ ಸರಕಿಗೂ ಬೆಲೆ, ನೇರ ವೆಚ್ಚ, ಉಳಿಕೆ ಎಂದು ಮೂರು ಕಲಂಗಳ ಒಂದು ಹಾಳೆ ತಿಂಗಳಿಗೊಮ್ಮೆ ಸಿದ್ಧವಾದರೆ ಸಾಕು. ಯಾವುದು ನಮ್ಮ ಟಾರಸ್, ಯಾವುದು ನಮ್ಮ ಮಸ್ಟ್ಯಾಂಗ್ ಎಂಬುದು ಆ ಹಾಳೆಯಲ್ಲಿ ತಾನಾಗಿಯೇ ತಿಳಿಯುತ್ತದೆ.

ಫೋರ್ಡ್‌ನಂಥ ಸಂಸ್ಥೆಗೆ ಒಂದು ಮಾದರಿಯಲ್ಲಿ ಆದ ನಷ್ಟವನ್ನು ಮತ್ತೊಂದರಲ್ಲಿ ತುಂಬಿಕೊಳ್ಳುವ ಶಕ್ತಿ ಇತ್ತು. ಲಾಂಛನವನ್ನೇ ಒತ್ತೆಯಿಟ್ಟು ಐದೂವರೆ ವರ್ಷಗಳಲ್ಲಿ ಬಿಡಿಸಿಕೊಳ್ಳುವ ಕಾಲಾವಕಾಶವೂ ಇತ್ತು. ಮನೆಯ ಪತ್ರ ಅಡವಿಟ್ಟು ಯಂತ್ರ ತಂದವರಿಗೆ ಆ ಅವಕಾಶವಿಲ್ಲ. ಆದ್ದರಿಂದ ಮುಂದಿನ ಖರೀದಿ ಆದೇಶಕ್ಕೆ ಸಹಿ ಹಾಕುವ ಮುನ್ನ, ಈ ಮಾದರಿ ನಾಳೆಯೇ ನಿಂತರೆ ನನ್ನ ಡೈಯ ಬಾಕಿ ಎಷ್ಟು ಎಂಬ ಒಂದು ಪ್ರಶ್ನೆಯನ್ನು ಕೇಳಿಕೊಂಡು, ಉತ್ತರವನ್ನು ಆ ಆದೇಶದ ಅಂಚಿನಲ್ಲಿ ಪೆನ್ಸಿಲ್ಲಿನಿಂದಲಾದರೂ ಬರೆದಿಡುವುದು ಒಳಿತು.